ಸಾಂಗ್ಲಿ–ಮಿರಜ ಸೀಮೆಯ ಕನ್ನಡಿಗರೂ ಅವರ ವರ್ತಮಾನಪತ್ರಗಳೂ

ಸಾಂಗ್ಲಿ, ಮಿರಜ ಹಾಗೂ ಕೃಷ್ಣೆಯ ಆಚೆ ದಡದ ಸಾಂಗ್ಲಿವಾಡಿ ಸೇರಿದ ಸೀಮೆಯಲ್ಲಿ ಕನ್ನಡ ಮಾತಾಡುವ ಮನೆತನಗಳು ಬಹು ಹಿಂದಿನಿಂದಲೂ ಇವೆ. ಒಕ್ಕಲುತನದ ಜೈನರು, ಅರಿಷಿಣ–ಬೆಲ್ಲದ ಪೇಟೆಯ ಲಿಂಗಾಯತ ವರ್ತಕರು, ಕೂಲಿಗೆ ಬಂದು ನೆಲೆ ನಿಂತವರು, ಮಿರಜ ತಾಲೂಕಿನ ಪೂರ್ವಕ್ಕೂ ಜತ್ತ ತಾಲೂಕಿನ ಉದ್ದಕ್ಕೂ ಇರುವ ಹಳ್ಳಿಗಳ ರೈತರು ಇವರಲ್ಲಿ ಸೇರಿದ್ದಾರೆ. ಇವರ ಮನೆಗೆ ಬಂದ ಕನ್ನಡ ಪತ್ರಿಕೆ ಸಾಮಾನ್ಯವಾಗಿ ಧಾರವಾಡ, ಬೆಳಗಾವಿ, ವಿಜಾಪುರ, ಹುಬ್ಬಳ್ಳಿಗಳಲ್ಲಿ ಅಚ್ಚಾದದ್ದು. ಊರಲ್ಲೇ ಅಚ್ಚಾಗುತ್ತಿದ್ದದ್ದು ಮರಾಠಿ. ಮನೆಯಲ್ಲಿ ಕನ್ನಡ, ಕಾಗದದಲ್ಲಿ ಮರಾಠಿ ಎಂಬ ಈ ಏರ್ಪಾಡು ಒಂದೂವರೆ ಶತಮಾನ ಹೇಗೆ ನಡೆಯಿತು ಎಂಬುದೇ ಇಲ್ಲಿಯ ಪತ್ರಿಕಾ ಇತಿಹಾಸದ ತಿರುಳು.

ಅಚ್ಚಿನ ವಿದ್ಯೆ ಮಿರಜಿಗೆ ತಡವಾಗಿ ಬಂತೆಂದು ಹೇಳುವಂತಿಲ್ಲ. ಕನ್ನಡದ ಯಾವ ಊರಿಗೂ ಅಚ್ಚುಕೂಟ ಬರುವ ಮುಂಚೆ, 1805ರಲ್ಲೇ ಇಲ್ಲಿ ಭಗವದ್ಗೀತೆ ಅಚ್ಚಾಯಿತು. ಪುಣೆಯ ಬ್ರಿಟಿಷ್ ರೆಸಿಡೆಂಟ್ ಚಾರ್ಲ್ಸ್ ಮ್ಯಾಲೆಟ್‌ನ ಪ್ರೇರಣೆಯಿಂದ ಪೇಶ್ವೆಗಳ ಕಾರಭಾರಿ ನಾನಾ ಫಡಣವೀಸ ಒಬ್ಬ ತರುಣ ತಾಮ್ರಗಾರನಿಗೆ ಅಕ್ಷರ ಕೊರೆಯುವ ಕೆಲಸ ಕಲಿಸಿದ್ದ. 1800ರಲ್ಲಿ ನಾನಾ ತೀರಿಕೊಂಡ ಮೇಲೆ ಪುಣೆಯಲ್ಲಿ ಆಸರೆ ತಪ್ಪಿದ ಆ ಕುಶಲಕರ್ಮಿಯನ್ನು ಮಿರಜದ ದೊರೆ ಗಂಗಾಧರರಾವ್ ಗೋವಿಂದ ಪಟವರ್ಧನ ಕರೆಸಿಕೊಂಡ. ಬಿಡಿ ಮೊಳೆಗಳ ಬಳಕೆ ಅದರಲ್ಲಿ ಇರಲಿಲ್ಲ. ಒಂದೊಂದು ಪುಟಕ್ಕೂ ಒಂದು ತಾಮ್ರದ ತಗಡು ಬೇಕು. ಅದರ ಮೇಲೆ ದೇವನಾಗರಿ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಕೊರೆಯಬೇಕು. ಗೀರುಗಳಲ್ಲಿ ಮಸಿ ತುಂಬಿ ಮೇಲಿನದನ್ನು ಒರೆಸಬೇಕು. ಒದ್ದೆ ಕಾಗದವಿಟ್ಟು ಬಿಗಿಯಾಗಿ ಒತ್ತಬೇಕು. ಗೀತೆಯಂಥ ಬದಲಾಗದ ಗ್ರಂಥಕ್ಕೆ ಇದು ಒಪ್ಪುವ ಕೆಲಸ. ವಾರವಾರಕ್ಕೂ ಹೊಸ ಸುದ್ದಿ ಕೊರೆಯುತ್ತ ಕೂಡುವುದು ಆಗದ ಮಾತು. ಅಲ್ಲದೆ ಆ ಗೀತೆಯ ಪ್ರತಿಗಳು ಮಾರಾಟಕ್ಕೆ ಹುಟ್ಟಿದವೂ ಅಲ್ಲ, ಬ್ರಾಹ್ಮಣರಿಗೆ ದಾನವಾಗಿ ಹೋದವು. ಓದುಗ ದುಡ್ಡು ಕೊಟ್ಟು ಕೊಳ್ಳುವ ಮುದ್ರಣ ಈ ಸೀಮೆಗೆ ಬರಲು ಇನ್ನೂ ಕಾಲವಿತ್ತು.

1843ನೆಯ ಇಸವಿ ಈ ಕಥೆಯಲ್ಲಿ ಎರಡು ಸಲ ಬರುತ್ತದೆ. ಆ ವರ್ಷದ ಜುಲೈ 1ರಂದು ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದ, ಕನ್ನಡದ ಮೊದಲ ವೃತ್ತಪತ್ರಿಕೆ ಅದು. ಅದೇ ವರ್ಷದ ನವೆಂಬರಿನಲ್ಲಿ ಸಾಂಗ್ಲಿಯ ದರಬಾರದಲ್ಲಿ ವಿಷ್ಣುದಾಸ ಭಾವೆ ‘ಸೀತಾ ಸ್ವಯಂವರ’ ಆಡಿಸಿದ. ಮರಾಠಿ ರಂಗಭೂಮಿ ಅಲ್ಲಿಂದ ಎಣಿಕೆಗೆ ಬರುತ್ತದೆ. ಆ ಪ್ರಯೋಗಕ್ಕೆ ಪ್ರೇರಣೆ ಉತ್ತರ ಕನ್ನಡದಿಂದ ಸಾಂಗ್ಲಿಗೆ ಬಂದು ಆಡಿ ಹೋದ ಭಾಗವತರ ಮೇಳ. ಅಂದರೆ ಕನ್ನಡದ ಆಟ ಸಾಂಗ್ಲಿಯಲ್ಲಿ ತಕ್ಷಣ ಬೇರೂರಿ ಮರಾಠಿಯ ಚಿಗುರು ಬಿಟ್ಟಿತು. ಕನ್ನಡದ ಪತ್ರಿಕೆಗೆ ಆ ಭಾಗ್ಯ ಬರಲಿಲ್ಲ. ಆಟ ನೋಡಲು ಕಣ್ಣು ಕಿವಿ ಇದ್ದರೆ ಸಾಕು. ಪತ್ರಿಕೆ ಓದಲು ಸಾಲಿ ಬೇಕು, ಸಾಲಿಯಲ್ಲಿ ಆ ಭಾಷೆ ಇರಬೇಕು. ಸಾಂಗ್ಲಿ–ಮಿರಜದ ಸಾಲಿಗಳಲ್ಲಿ ಇದ್ದದ್ದು ಮರಾಠಿ.

ಇದಕ್ಕೆ ಪಟವರ್ಧನರ ಸಂಸ್ಥಾನಗಳ ಸ್ವರೂಪವೇ ಮೂಲ. 1801ರಲ್ಲಿ ಚಿಂತಾಮಣರಾವ್ ಪಟವರ್ಧನ ಮಿರಜದಿಂದ ಬೇರ್ಪಟ್ಟು ಸಾಂಗ್ಲಿಯಲ್ಲಿ ಗಾದಿ ಹೂಡಿದ. ಮುಂದೆ ಮಿರಜವೂ ಹಿರಿಯ, ಕಿರಿಯ ಶಾಖೆಗಳಾಗಿ ಒಡೆಯಿತು. ಕುರುಂದವಾಡ, ಜಮಖಂಡಿ ಬೇರೆ. ಈ ಸಂಸ್ಥಾನಗಳ ನೆಲ ಒಂದೇ ಕಡೆ ಇರಲಿಲ್ಲ. ಬೆಳಗಾವಿಗೆ ಅಂಟಿಕೊಂಡ ಶಹಾಪುರ, ಕೃಷ್ಣೆಯ ತೇರದಾಳ, ಈಗ ಗದಗ ಜಿಲ್ಲೆಯಲ್ಲಿರುವ ಶಿರಹಟ್ಟಿ ಇವೆಲ್ಲ ಸಾಂಗ್ಲಿಗೆ ಸೇರಿದ್ದವು, ಲಕ್ಷ್ಮೇಶ್ವರ ಮಿರಜಕ್ಕೆ. ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ; ಪಂಪನ ಹೆಸರಿನೊಡನೆ ತಳಕು ಹಾಕಿಕೊಂಡಿರುವ ಆ ಊರಿಗೆ ಮಿರಜದಿಂದ ಹುಕುಮು ಹೋಗುತ್ತಿತ್ತು. ಪ್ರಜೆಗಳಲ್ಲಿ ಬಹು ದೊಡ್ಡ ಪಾಲು ಕನ್ನಡಿಗರಾದರೂ ದರಬಾರದ ದಫ್ತರ ಮರಾಠಿಯಲ್ಲಿ, ಅದೂ ಮೋಡಿ ಲಿಪಿಯಲ್ಲಿ ನಡೆಯಿತು.

ಪಕ್ಕದ ಬ್ರಿಟಿಷ್ ಜಿಲ್ಲೆಗಳ ಸ್ಥಿತಿಯೂ ಮೊದಲಿಗೆ ಬೇರೆಯಿರಲಿಲ್ಲ. ಧಾರವಾಡ, ಬೆಳಗಾವಿಗಳಲ್ಲಿ ಮುಂಬಯಿ ಸರಕಾರ ತೆರೆದ ಸಾಲಿಗಳು ಮರಾಠಿಯವೇ. ಬ್ರಿಟಿಷ್ ಅಧಿಕಾರಿ ವಾಲ್ಟರ್ ಎಲಿಯಟ್ ಧಾರವಾಡದಲ್ಲಿ ಕನ್ನಡ ಸಾಲಿಗೆ ಸ್ವಂತ ಹಣ ಹಾಕಿದ. ಡೆಪ್ಯುಟಿ ಚನ್ನಬಸಪ್ಪನವರು ಶಿಕ್ಷಣ ಖಾತೆಯ ಒಳಗಿದ್ದುಕೊಂಡೇ ಊರೂರಿಗೆ ಕನ್ನಡ ಸಾಲಿ ತೆರೆಸಿದರು. 1860ರ ದಶಕದಲ್ಲಿ ಸಾಲಿ ಮಾಸ್ತರರಿಗಾಗಿಯೇ ‘ಮಠಪತ್ರಿಕೆ’ ಹೊರಟಿತು. ಮುಂಬಯಿ ಕರ್ನಾಟಕದಲ್ಲಿ ಪತ್ರಿಕೆ ಓದುವ ಒಂದು ಪೀಳಿಗೆ ತಯಾರಾದದ್ದು ಈ ಸಾಲಿಗಳಿಂದ. ಆದರೆ ಡೆಪ್ಯುಟಿಯವರ ಅಧಿಕಾರ ಬ್ರಿಟಿಷ್ ಮುಲುಕಿನ ಗಡಿಗೆ ನಿಲ್ಲುತ್ತಿತ್ತು. ಸಂಸ್ಥಾನಿಕರ ಊರುಗಳು ಆ ಗಡಿಯ ಆಚೆಗೆ ಉಳಿದವು. ಇದೊಂದು ಸಂಗತಿಯೇ ಮುಂದಿನ ನೂರು ವರ್ಷಗಳ ಓದನ್ನು ಬಹುಮಟ್ಟಿಗೆ ತೀರ್ಮಾನಿಸಿತು.

ತನ್ನ ಭಾಷೆಯ ಆಡಳಿತವಿಲ್ಲದ ಊರಿನಲ್ಲಿ ಬದುಕುವ ಜನ ಪತ್ರಿಕೆ ನಡೆಸಿದ ಉದಾಹರಣೆಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಚಿನ್ನ ಹುಡುಕುತ್ತ ಕ್ಯಾಲಿಫೋರ್ನಿಯಕ್ಕೆ ಹೋದ ಚೀನೀಯರಿಗಾಗಿ 1854ರಲ್ಲೇ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಚೀನಿ ಭಾಷೆಯ ಪತ್ರಿಕೆ ಹೊರಟಿತು. ಮೋಗ್ಲಿಂಗನ ಪತ್ರಿಕೆಯಂತೆ ಅದೂ ಕಲ್ಲಚ್ಚಿನದೇ. ಸಾವಿರಾರು ಚಿಹ್ನೆಗಳ ಆ ಲಿಪಿಗೆ ಮೊಳೆ ಎರಕ ಹೊಯ್ಯುವುದಕ್ಕಿಂತ ಕಲ್ಲಿನ ಮೇಲೆ ಕೈಯಿಂದ ಬರೆಯುವುದು ಸುಲಭವಿತ್ತು. 1900ರಲ್ಲಿ ಅಲ್ಲೇ ಶುರುವಾದ ‘ಚುಂಗ್ ಸಾಯ್ ಯಾತ್ ಪೊ’ ದಿನಪತ್ರಿಕೆ ಅರ್ಧ ಶತಮಾನ ಬಾಳಿತು. ಸಮುದ್ರ ದಾಟಿದ ಚೀನೀಯನಿಗೆ ತವರಿನ ಪತ್ರಿಕೆ ಕೈಗೆ ಬರಲು ಹಡಗು ವಾರಗಟ್ಟಲೆ ತೇಲಬೇಕು. ಹಾಗಾಗಿ ಇದ್ದಲ್ಲೇ ಅಚ್ಚು ಹಾಕುವುದು ಅನಿವಾರ್ಯ. ಸಾಂಗ್ಲಿಯ ಕನ್ನಡಿಗನಿಗೆ ಆ ಒತ್ತಾಯ ಇರಲಿಲ್ಲ. ಬೆಳಗಾವಿಯ ದಾರಿ ಬಹು ದೂರದ್ದಲ್ಲ, ಮರಾಠಿಯೂ ಅವನಿಗೆ ಪರದೇಶದ ಭಾಷೆಯಲ್ಲ.

ಆ ದಾರಿಯನ್ನು ಹತ್ತಿರ ಮಾಡಿದ್ದು ರೈಲು. ಸದರ್ನ್ ಮರಾಠಾ ರೇಲ್ವೆ 1890ರ ಹೊತ್ತಿಗೆ ಪುಣೆಯಿಂದ ಮಿರಜ, ಬೆಳಗಾವಿಗಳ ಮೇಲೆ ಹಾಯ್ದು ಲೋಂಡಾಕ್ಕೆ ಮೀಟರ್‌ಗೇಜ್ ಹಳಿ ಮುಗಿಸಿತು. ಅಲ್ಲಿಂದ ಧಾರವಾಡ, ಹುಬ್ಬಳ್ಳಿ. 1891ರಲ್ಲಿ ಮಿರಜದಿಂದ ಕೊಲ್ಹಾಪುರಕ್ಕೆ ಕವಲು ಹೊರಟಿತು, 1907ರಲ್ಲಿ ಸಾಂಗ್ಲಿಗೆ. ಮಿರಜ ಜಂಕ್ಷನ್ ಆಯಿತು. ಪುಣೆಯ ‘ಕೇಸರಿ’ ಉತ್ತರದಿಂದ, ಧಾರವಾಡದ ಕನ್ನಡ ವಾರಪತ್ರಿಕೆಗಳು ದಕ್ಷಿಣದಿಂದ ಇದೇ ಹಳಿಯ ಮೇಲೆ ಬಂದು ಸೇರುವಂತಾಯಿತು. ವಿಳಾಸದ ಚೀಟಿ ಸುತ್ತಿ, ಪತ್ರಿಕೆಗಳಿಗೆಂದು ಕಡಿಮೆ ಮಾಡಿದ ಅಂಚೆದರದ ಟಿಕೀಟು ಹಚ್ಚಿ, ಚಂದಾದಾರರಿಗೆ ಕಳಿಸುವುದು ಆ ಕಾಲದ ರೂಢಿ. ಬಿಡಿ ಮಾರಾಟ ಕಡಿಮೆ. ಚಂದಾ ಕಟ್ಟಿದ ಒಬ್ಬನ ಪ್ರತಿ ಅಂಗಡಿಯ ಕಟ್ಟೆಯ ಮೇಲೋ ಮಠದ ಪಡಸಾಲೆಯಲ್ಲೋ ಹತ್ತು ಮಂದಿಯ ಕಿವಿಗೆ ಬೀಳುತ್ತಿತ್ತು. ಓದು ಬಲ್ಲವನು ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು.

ಪತ್ರಿಕೆಗಳ ಈ ಓಡಾಟ ಒಂದೇ ಮುಖವಾಗಿ ಇರಲಿಲ್ಲ ಎಂಬುದನ್ನೂ ಗಮನಿಸಬೇಕು. ಬೆಳಗಾವಿಯಲ್ಲಿ 1863ರಿಂದಲೇ ‘ಬೆಳಗಾವ್ ಸಮಾಚಾರ’ ಎಂಬ ಮರಾಠಿ ಪತ್ರಿಕೆ ಇತ್ತು. 1919ರಲ್ಲಿ ಬಾಬುರಾವ್ ಠಾಕೂರರ ‘ತರುಣ ಭಾರತ’ ಅಲ್ಲೇ ಹುಟ್ಟಿತು. ಧಾರವಾಡದಲ್ಲೂ ಮರಾಠಿ ವಾರಪತ್ರಿಕೆ ನಡೆಯುತ್ತಿತ್ತು. ಕನ್ನಡ ನೆಲದಲ್ಲಿ ಮರಾಠಿ ಪತ್ರಿಕೆಗಳು ಹುಟ್ಟಿ ಬೆಳೆದಷ್ಟು ಸಲೀಸಾಗಿ ಮರಾಠಿ ಆಡಳಿತದ ಊರುಗಳಲ್ಲಿ ಕನ್ನಡ ಪತ್ರಿಕೆಗಳು ಬೆಳೆಯಲಿಲ್ಲ. ಕಚೇರಿ, ವಕೀಲಿ, ಸಾಲಿಗಳ ಭಾಷೆಗೆ ಜಾಹೀರಾತೂ ಚಂದಾದಾರರೂ ತಾವಾಗಿ ಒದಗುತ್ತಾರೆ. ಅಡುಗೆಮನೆ, ಹೊಲಗಳ ಭಾಷೆಗೆ ಒದಗುವುದಿಲ್ಲ.

ಈ ಸೀಮೆಯಲ್ಲಿ ಎರಡೂ ಭಾಷೆಗಳನ್ನು ಬಗಲಲ್ಲಿಟ್ಟುಕೊಂಡು ಪತ್ರಿಕೆ ನಡೆಸಿದವರು ಜೈನರು. 1899ರಲ್ಲಿ ನಿಪ್ಪಾಣಿ ಹತ್ತಿರದ ಸ್ತವನಿಧಿ ಕ್ಷೇತ್ರದಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಹುಟ್ಟಿತು. ಕೊಲ್ಹಾಪುರ, ಸಾಂಗ್ಲಿ, ಬೆಳಗಾವಿ, ಧಾರವಾಡ ಸೀಮೆಯ ದಿಗಂಬರ ಜೈನರು ಹೆಚ್ಚಾಗಿ ಒಕ್ಕಲಿಗರು. ಪಂಚಕಲ್ಯಾಣಕ್ಕೆ ಸೇರಿದಾಗ ಅರ್ಧ ಜನ ಕನ್ನಡ, ಅರ್ಧ ಜನ ಮರಾಠಿ. ಇವರನ್ನು ಒಂದು ಮಾಡಬೇಕಾದರೆ ಒಂದೇ ಭಾಷೆಯ ಪತ್ರಿಕೆ ಸಾಲದು. ಸಭೆಯ ಮುಂದಾಳುಗಳಲ್ಲಿ ಒಬ್ಬರಾದ ಅಣ್ಣಾಸಾಹೇಬ ಲಠ್ಠೆ ಕುರುಂದವಾಡದವರು. ಮುಂದೆ ಕೊಲ್ಹಾಪುರದ ದಿವಾನರೂ, 1937ರ ಮುಂಬಯಿ ಮಂತ್ರಿಮಂಡಲದಲ್ಲಿ ಹಣಕಾಸು ಮಂತ್ರಿಯೂ ಆದವರು. ಇನ್ನೊಬ್ಬರು ಬೆಳಗಾವಿಯ ವಕೀಲ ಚೌಗುಲೆ. ಸಭೆಯ ಮುಖಪತ್ರವಾಗಿ ಮರಾಠಿಯಲ್ಲಿ ‘ಜಿನವಿಜಯ’ ಹೊರಟಿತು. ಬೆಳಗಾವಿಯಿಂದ ಕನ್ನಡದಲ್ಲಿಯೂ ಅದೇ ಹೆಸರಿನ ಪತ್ರಿಕೆ ಬಂತು. ಮರಾಠಿಯ ‘ಪ್ರಗತಿ’ ‘ಜಿನವಿಜಯ’ದೊಡನೆ ಕೂಡಿಕೊಂಡು ‘ಪ್ರಗತಿ ಆಣಿ ಜಿನವಿಜಯ’ ಆಯಿತು.

ಇಂಥ ಪತ್ರಿಕೆಗೆ ದೇಶದ ರಾಜಕಾರಣಕ್ಕಿಂತ ಸಮಾಜದ ಒಳಗಿನ ಕೆಲಸ ಮುಖ್ಯ. ವಿದ್ಯಾರ್ಥಿನಿಲಯಕ್ಕೆ ಯಾರು ಎಷ್ಟು ಕೊಟ್ಟರು, ಬಾಲ್ಯವಿವಾಹ ಬೇಕೇ ಬೇಡವೇ, ಹೆಣ್ಣುಮಕ್ಕಳನ್ನು ಸಾಲಿಗೆ ಕಳಿಸಬೇಕೇ, ವಾರ್ಷಿಕ ಅಧಿವೇಶನದಲ್ಲಿ ಯಾವ ಠರಾವು ಪಾಸಾಯಿತು ಎಂಬಂಥ ವಿಷಯಗಳು ಇದಕ್ಕೆ ಬೇಕು. ಕೊಲ್ಹಾಪುರ, ಹುಬ್ಬಳ್ಳಿ, ಸಾಂಗ್ಲಿಗಳಲ್ಲಿ ಸಭೆ ಕಟ್ಟಿದ ಜೈನ ಬೋರ್ಡಿಂಗುಗಳಿಗೆ ಹಳ್ಳಿಯ ಹುಡುಗರು ಬಂದು ಇಂಗ್ಲಿಷ್ ಕಲಿತರು. ಅವರೇ ಪತ್ರಿಕೆಯ ಓದುಗರೂ ಲೇಖಕರೂ ಆದರು. ಸಭೆಯ ಹೆಸರು ದಕ್ಷಿಣ ಭಾರತ ಜೈನ ಸಭೆ ಎಂದು ಬದಲಾಯಿತು, ಕೇಂದ್ರ ಕಚೇರಿ ಸಾಂಗ್ಲಿಯಲ್ಲಿ ನೆಲೆಸಿತು. ಸಾಂಗ್ಲಿಯ ಕನ್ನಡ ಮೂಲದ ಮನೆಗಳಿಗೆ ತಮ್ಮದೇ ಎನ್ನಬಹುದಾದ ಪತ್ರಿಕೆ ಇದ್ದರೆ ಅದು ‘ಪ್ರಗತಿ ಆಣಿ ಜಿನವಿಜಯ’ವೇ. ಆದರೆ ಅದರ ಭಾಷೆ ಮರಾಠಿ. ಸಮುದಾಯ ಉಳಿಯಿತು, ಪತ್ರಿಕೆಯೂ ಉಳಿಯಿತು. ಓದಿನಲ್ಲಿ ಕನ್ನಡ ಹಿಂದೆ ಸರಿಯಿತು.

ಚೌಗುಲೆಯವರ ಹೆಸರು ಕನ್ನಡದ ಇತಿಹಾಸದಲ್ಲಿ ಇನ್ನೊಂದು ಕಡೆಯೂ ಬರುತ್ತದೆ. ವಿಜಾಪುರದ ವಕೀಲ ಫ.ಗು. ಹಳಕಟ್ಟಿಯವರ ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗ 1923ರಲ್ಲಿ ಅಚ್ಚಾದದ್ದು ಬೆಳಗಾವಿಯಲ್ಲಿ, ಚೌಗುಲೆಯವರ ಮಹಾವೀರ ಪ್ರೆಸ್ಸಿನಲ್ಲಿ. ಲಿಂಗಾಯತರ ವಚನಗಳನ್ನು ಜೈನರ ಅಚ್ಚುಕೂಟ ಬೆಳಕಿಗೆ ತಂದಿತು. ಕನ್ನಡ ಮೊಳೆ ಇದ್ದ ಅಚ್ಚುಕೂಟಗಳು ಆ ಸೀಮೆಯಲ್ಲಿ ಬೆರಳೆಣಿಕೆಯಷ್ಟಿದ್ದುದರಿಂದ ಮತ ನೋಡಿ ಪ್ರೆಸ್ಸು ಆರಿಸುವ ಅನುಕೂಲ ಯಾರಿಗೂ ಇರಲಿಲ್ಲ ಎಂಬುದೂ ನಿಜ. ಹಳಕಟ್ಟಿಯವರು ಆಮೇಲೆ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿ, 1926ರಲ್ಲಿ ‘ಶಿವಾನುಭವ’, 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆ ಶುರುಮಾಡಿದರು. ಜತ್ತ ಕಡೆಯ ಲಿಂಗಾಯತರಿಗೆ ಪೇಟೆಯೂ ಮಠವೂ ವಿಜಾಪುರದಲ್ಲೇ. ಅಲ್ಲಿಯ ಪತ್ರಿಕೆಯ ಸುದ್ದಿ ಅವರಿಗೆ ಸಾಂಗ್ಲಿಯ ಸುದ್ದಿಗಿಂತ ಹತ್ತಿರದ್ದು.

ಸಾಂಗ್ಲಿ ಜಿಲ್ಲೆಯಿಂದ ಹೊರಟು ದೊಡ್ಡ ಹೆಸರು ಮಾಡಿದ ನಿಯತಕಾಲಿಕದ ಬೇರೂ ಕನ್ನಡ ನೆಲದಲ್ಲಿದೆ. ಲಕ್ಷ್ಮಣರಾವ್ ಕಿರ್ಲೋಸ್ಕರ ಹುಟ್ಟಿದ್ದು 1869ರಲ್ಲಿ, ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಕಬ್ಬಿಣದ ನೇಗಿಲು ಮಾಡತೊಡಗಿದವರು. ಅಲ್ಲಿಯ ಜಾಗ ಬಿಡಬೇಕಾಗಿ ಬಂದಾಗ 1910ರಲ್ಲಿ ಔಂಧದ ರಾಜರು ಕುಂಡಲ್ ರೋಡ್ ಸ್ಟೇಶನ್ ಬಳಿ ಪಾಪಾಸುಕಳ್ಳಿ ಬೆಳೆದ ಬಂಜರು ನೆಲ ಕೊಟ್ಟರು. ಬೆಳಗಾವಿಯಿಂದ ಬಂದ ಆಳುಗಳು, ಕುಟುಂಬಗಳು ಸೇರಿ ಕಟ್ಟಿದ ಆ ಊರೇ ಕಿರ್ಲೋಸ್ಕರವಾಡಿ. ಅಲ್ಲಿ 1920ರಲ್ಲಿ ಶಂಕರರಾವ್ ಕಿರ್ಲೋಸ್ಕರ ‘ಕಿರ್ಲೋಸ್ಕರ ಖಬರ್’ ಶುರುಮಾಡಿದರು. ಮೊದಲು ಅದು ನೇಗಿಲು, ಕಬ್ಬಿನ ಗಾಣಗಳ ಪ್ರಚಾರಕ್ಕೆ ಕಾರಖಾನೆ ಹೊರಡಿಸಿದ ಸುದ್ದಿಹಾಳೆ. ಬರಬರುತ್ತ ‘ಕಿರ್ಲೋಸ್ಕರ’ ಎಂಬ ಮಾಸಿಕವಾಯಿತು. 1930ರಲ್ಲಿ ‘ಸ್ತ್ರೀ’, 1934ರಲ್ಲಿ ‘ಮನೋಹರ’ ಅದರ ಜೊತೆಗೂಡಿದವು. ಮಹಾರಾಷ್ಟ್ರದ ಮಧ್ಯಮವರ್ಗದ ಮನೆಗಳಲ್ಲಿ, ಬೆಳಗಾವಿ–ಧಾರವಾಡಗಳ ಮರಾಠಿ ಬಲ್ಲ ಮನೆಗಳಲ್ಲೂ ಈ ಮೂರು ಮಾಸಿಕಗಳು ದಶಕಗಟ್ಟಲೆ ಓದಿಸಿಕೊಂಡವು. ಅಚ್ಚುಕೂಟಕ್ಕೆ ಕಾರಖಾನೆಯ ಬಂಡವಾಳ, ಮಾರಾಟಕ್ಕೆ ನೇಗಿಲಿನ ಏಜೆಂಟರ ಜಾಲ ಇದ್ದದ್ದು ಅವುಗಳ ಬಲ. ಗಡಿಸೀಮೆಯ ಯಾವ ಕನ್ನಡ ಪತ್ರಿಕೆಗೂ ಅಂಥ ಬೆನ್ನು ಸಿಗಲಿಲ್ಲ.

ಸ್ವಾತಂತ್ರ್ಯದ ಹೋರಾಟ ಕನ್ನಡ ಪತ್ರಿಕೆಯ ಸ್ವರೂಪವನ್ನೇ ಬದಲಿಸಿತು. 1921ರಲ್ಲಿ ಧಾರವಾಡದಲ್ಲಿ ‘ಕರ್ಮವೀರ’, 1922ರಲ್ಲಿ ಆಲೂರ ವೆಂಕಟರಾಯರ ‘ಜಯಕರ್ನಾಟಕ’ ಹೊರಟವು. 1929ರಲ್ಲಿ ಬೆಳಗಾವಿಯಲ್ಲಿ ವಾರಪತ್ರಿಕೆಯಾಗಿ ಹುಟ್ಟಿದ ‘ಸಂಯುಕ್ತ ಕರ್ನಾಟಕ’ 1933ರಲ್ಲಿ ಹುಬ್ಬಳ್ಳಿಗೆ ಹೋಗಿ ದಿನಪತ್ರಿಕೆಯಾಯಿತು. ಹೆಸರಿನಲ್ಲೇ ಏಕೀಕರಣ ಹೊತ್ತ ಈ ಪತ್ರಿಕೆಗೆ ಸಂಸ್ಥಾನಗಳ ಕನ್ನಡಿಗರ ಸುದ್ದಿ ತನ್ನ ಕೆಲಸದ ಭಾಗವೇ ಆಗಿತ್ತು. ಬ್ರಿಟಿಷ್ ಪೋಲೀಸರ ಕಣ್ಣಿದ್ದರೂ ಹುಬ್ಬಳ್ಳಿಯಲ್ಲಿ ಕುಳಿತು ಸಂಸ್ಥಾನಿಕನ ದರ್ಪದ ಬಗ್ಗೆ ಬರೆಯಬಹುದಿತ್ತು. ಆ ಸಂಸ್ಥಾನದ ಒಳಗೇ ಪ್ರೆಸ್ಸು ಇಟ್ಟವನಿಗೆ ಅದು ಕಷ್ಟ. 1939ರಲ್ಲಿ ರಾಮದುರ್ಗ ಸಂಸ್ಥಾನದ ಪ್ರಜೆಗಳು ದರಬಾರದ ವಿರುದ್ಧ ಎದ್ದ ದಂಗೆಯ ಕಾಲದಲ್ಲಿ ಹೊರಗಿನ ಪತ್ರಿಕೆಯ ಬೆಲೆ ಎಲ್ಲ ಸಂಸ್ಥಾನಗಳ ಪ್ರಜೆಗಳಿಗೂ ಗೊತ್ತಾಯಿತು.

ಇದೇ ವೇಳೆಗೆ ಸಾಂಗ್ಲಿಗೆ ಕನ್ನಡದ ಒಂದು ಹೊಸ ನೆಲೆ ಸಿಕ್ಕಿತು. 1919ರಲ್ಲಿ ಡೆಕ್ಕನ್ ಎಜ್ಯುಕೇಶನ್ ಸೊಸೈಟಿ ಸಾಂಗ್ಲಿ–ಮಿರಜದ ನಡುವೆ ತೆರೆದ ವಿಲಿಂಗ್ಡನ್ ಕಾಲೇಜಿಗೆ ಬೆಳಗಾವಿ, ವಿಜಾಪುರ ಕಡೆಯ ಹುಡುಗರು ಓದಲು ಬರುತ್ತಿದ್ದರು. ‘ರಸಿಕರಂಗ’ ಕಾವ್ಯನಾಮದ ರಂ.ಶ್ರೀ. ಮುಗಳಿ ಅಲ್ಲಿ ಕನ್ನಡ ಪ್ರಾಧ್ಯಾಪಕರಾಗಿ ಬಹುಕಾಲ ದುಡಿದರು, ವಿ.ಕೃ. ಗೋಕಾಕರೂ ಅಲ್ಲಿ ಕೆಲಸ ಮಾಡಿದರು. ಮುಗಳಿಯವರ ‘ಕನ್ನಡ ಸಾಹಿತ್ಯ ಚರಿತ್ರೆ’ 1953ರಲ್ಲಿ ಪ್ರಕಟವಾಗಿ 1956ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಧಾರವಾಡದ ಪತ್ರಿಕೆಗಳಿಗೆ ಸಾಂಗ್ಲಿ ಬರಿಯ ಚಂದಾದಾರರ ಊರಾಗಿ ಉಳಿಯದೆ ಲೇಖಕರ ಊರೂ ಆಯಿತು. ಆದರೆ ಇದು ಕಾಲೇಜಿನ ಆವರಣದ ಕನ್ನಡ. ಪೇಟೆಯ ಅಡತಿ ಅಂಗಡಿಗೂ ಮಿರಜ ಪೂರ್ವದ ಹಳ್ಳಿಗೂ ಅದು ಇಳಿಯಲಿಲ್ಲ. ಕರ್ನಾಟಕ ವಿಶ್ವವಿದ್ಯಾಲಯ ಬಂದು, ಆ ಕಡೆಯ ಹುಡುಗರು ಆ ಕಡೆಯೇ ಓದತೊಡಗಿದ ಮೇಲೆ ಸಾಂಗ್ಲಿಯ ಕನ್ನಡ ತರಗತಿಗಳಿಗೆ ಇದ್ದ ಹಿಂದಿನ ಬಲ ಕುಗ್ಗಿತು.

1948ರ ಮಾರ್ಚಿನಲ್ಲಿ ಸಾಂಗ್ಲಿ, ಮಿರಜ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಅವುಗಳ ಚೂರುಗಳು ಹಂಚಿಹೋದವು: ಶಿರಹಟ್ಟಿ, ಲಕ್ಷ್ಮೇಶ್ವರ ಧಾರವಾಡ ಜಿಲ್ಲೆಗೆ, ಶಹಾಪುರ ಬೆಳಗಾವಿಗೆ. 1949ರಲ್ಲಿ ದಕ್ಷಿಣ ಸಾತಾರಾ ಎಂಬ ಹೊಸ ಜಿಲ್ಲೆಯಾಗಿ, 1960ರಲ್ಲಿ ಅದಕ್ಕೆ ಸಾಂಗ್ಲಿ ಎಂಬ ಹೆಸರು ಬಂತು. ನಡುವೆ 1956ರ ನವೆಂಬರ್ 1ರಂದು ಮುಂಬಯಿ ಕರ್ನಾಟಕದ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದಾಗ ಜತ್ತ, ಮಿರಜಗಳು ಈಚೆಗೇ ಉಳಿದವು. ಅಲ್ಲಿಯವರೆಗೆ ಒಂದೇ ಪ್ರಾಂತದ ಒಳಗೆ ಓಡಾಡುತ್ತಿದ್ದ ಪತ್ರಿಕೆ ಈಗ ಪರರಾಜ್ಯದ್ದಾಯಿತು. ಹುಬ್ಬಳ್ಳಿಯ ಪತ್ರಿಕೆಗೆ ಸಾಂಗ್ಲಿಯ ಸರಕಾರಿ ಜಾಹೀರಾತು ಇಲ್ಲ. ಸಾಂಗ್ಲಿಯ ರೈತನಿಗೆ ಬೇಕಾದ ತಲಾಠಿ, ತಹಶೀಲ್ದಾರರ ಸುದ್ದಿ ಹುಬ್ಬಳ್ಳಿಯ ಪತ್ರಿಕೆಯಲ್ಲಿ ಇಲ್ಲ. ಆ ಸುದ್ದಿಗೆ ಅವನು ಕೊಲ್ಹಾಪುರದ ‘ಪುಢಾರಿ’ಯಂಥ ಮರಾಠಿ ಪತ್ರಿಕೆಯನ್ನೇ ಹಿಡಿಯಬೇಕಾಯಿತು. ಭಾಷೆಯ ಅಭಿಮಾನ ಎಷ್ಟೇ ಇರಲಿ, ಸಾಲಮನ್ನಾ, ನೀರಿನ ಪಾಳಿ, ಪೇಟೆಯ ದರ ಎಲ್ಲಿ ಅಚ್ಚಾಗುತ್ತದೋ ಆ ಹಾಳೆಯನ್ನೇ ರೈತ ಕೊಳ್ಳುತ್ತಾನೆ.

ಮಹಾರಾಷ್ಟ್ರ–ಮೈಸೂರು ಗಡಿ ತಂಟೆಯ ವರ್ಷಗಳಲ್ಲಿ ಎರಡೂ ಕಡೆಯ ಪತ್ರಿಕೆಗಳು ವಕೀಲರಾದವು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟು, ಬೆಳಗಾವಿ ಮೈಸೂರಿನಲ್ಲೇ ಇರಲಿ, ಅಕ್ಕಲಕೋಟೆ ತಾಲೂಕೂ ಜತ್ತ ತಾಲೂಕಿನ 44 ಹಳ್ಳಿಗಳೂ ಮೈಸೂರಿಗೆ ಸೇರಲಿ ಎಂದಿತು. ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ. ಬೆಳಗಾವಿಯ ಮರಾಠಿ ಪತ್ರಿಕೆಗಳೂ ಹುಬ್ಬಳ್ಳಿಯ ಕನ್ನಡ ಪತ್ರಿಕೆಗಳೂ ದಿನಬೆಳಗಾದರೆ ವಾದಿಸುತ್ತಿದ್ದ ಆ ಕಾಲದಲ್ಲಿ ಜತ್ತದ ಹಳ್ಳಿಗಳು ಸುದ್ದಿಯಲ್ಲಿ ಬಂದದ್ದು ಬಹುತೇಕ ಅಂಕಿಯಾಗಿ. ಅಲ್ಲಿಯ ಬರ, ಕುಡಿಯುವ ನೀರು, ಮಾಸ್ತರರಿಲ್ಲದ ಕನ್ನಡ ಸಾಲಿ ಇವು ಎರಡೂ ಭಾಷೆಯ ಮುಖಪುಟಕ್ಕೆ ಅಪರೂಪ.

ಓದು ಬಾರದ ಕನ್ನಡಿಗನ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬಿದ್ದು ರೇಡಿಯೊ. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾಯಿತು. 1960ರ ದಶಕದಲ್ಲಿ ಸಾಂಗ್ಲಿಗೂ ಆಕಾಶವಾಣಿ ಕೇಂದ್ರ ಬಂತು, ಮರಾಠಿಯದು. ಹಳಿಯ ಲೆಕ್ಕವೂ ಬದಲಾಯಿತು: ಪುಣೆ–ಮಿರಜ ದಾರಿ ಬ್ರಾಡ್‌ಗೇಜ್ ಆದ ಮೇಲೆ ಬಹುಕಾಲ ಬೆಂಗಳೂರು ಕಡೆಯ ಮೀಟರ್‌ಗೇಜ್ ಮಿರಜದಲ್ಲೇ ಮುಗಿಯುತ್ತಿತ್ತು. ಜನರೂ ಸರಕೂ ಇಲ್ಲಿ ಇಳಿದು ಗಾಡಿ ಬದಲಿಸಬೇಕು. ಸ್ಟೇಶನ್ನಿನ ಆ ಗದ್ದಲದಲ್ಲಿ ಕನ್ನಡ ಪತ್ರಿಕೆಗೆ ಗಿರಾಕಿಗಳಿದ್ದರು. ದವಾಖಾನೆಗಳ ಊರೆಂಬ ಮಿರಜದ ಹೆಸರೂ ಇದಕ್ಕೆ ನೆರವಾಯಿತು. ಅಮೆರಿಕನ್ ಮಿಶನ್ನಿನ ವೈದ್ಯ ವಿಲಿಯಂ ವಾನ್‌ಲೆಸ್ 1890ರ ದಶಕದಲ್ಲಿ ತೆರೆದ ಆಸ್ಪತ್ರೆಯಿಂದ ಮೊದಲಾಗಿ ಇಲ್ಲಿಗೆ ಬೆಳಗಾವಿ, ಬಾಗಲಕೋಟೆ, ವಿಜಾಪುರ ಸೀಮೆಯ ರೋಗಿಗಳು ಸಾಲುಗಟ್ಟಿ ಬರುತ್ತಾರೆ. ಔಷಧದಂಗಡಿ, ದವಾಖಾನೆಗಳ ಫಲಕಗಳಲ್ಲಿ ಮರಾಠಿಯ ಪಕ್ಕದಲ್ಲೇ ಕನ್ನಡ ಕಾಣಿಸುವುದು ಈ ಗಿರಾಕಿಗಳಿಂದಾಗಿ. ಊರಿನ ಕನ್ನಡಿಗರಿಗಾಗಿ ಯಾರೂ ಬರೆಸದ ಫಲಕ ಹೊರಗಿನಿಂದ ಬಂದ ರೋಗಿಗಾಗಿ ಎದ್ದಿತು.

1999ರಲ್ಲಿ ವಿಜಯ ಸಂಕೇಶ್ವರರ ‘ವಿಜಯ ಕರ್ನಾಟಕ’ ಕಡಿಮೆ ಬೆಲೆಗೆ, ಅನೇಕ ಊರುಗಳ ಆವೃತ್ತಿಗಳೊಡನೆ ಬಂದ ಮೇಲೆ ಉತ್ತರ ಕರ್ನಾಟಕದ ಪತ್ರಿಕಾ ಪೇಟೆಯೇ ಅದಲುಬದಲಾಯಿತು. ಗಡಿಯ ತಾಲೂಕುಗಳಿಗೆ ಬೇರೆ ಪುಟ, ಊರಿಗೊಬ್ಬ ವರದಿಗಾರ ಎಂಬ ಪದ್ಧತಿ ಇತರ ಪತ್ರಿಕೆಗಳಿಗೂ ಹಬ್ಬಿತು. ಜತ್ತ, ಅಕ್ಕಲಕೋಟೆಗಳ ಕನ್ನಡ ಸಾಲಿಯ ಸಮಾರಂಭ, ಜಾತ್ರೆ, ಅಪಘಾತಗಳು ಆಗ ಕನ್ನಡದಲ್ಲಿ ಹೆಚ್ಚಾಗಿ ಕಾಣತೊಡಗಿದವು. ಆ ಸಾಲಿಗಳಿಗೆ ಪಠ್ಯಪುಸ್ತಕ ಅಚ್ಚು ಹಾಕುವುದು ಮಹಾರಾಷ್ಟ್ರದ್ದೇ ಪಠ್ಯಪುಸ್ತಕ ಮಂಡಳಿ, ಪುಣೆಯ ಬಾಲಭಾರತಿ. ನಿಯಮಿತವಾಗಿ ಕನ್ನಡ ಓದುವ ಮಕ್ಕಳು ಈ ಸೀಮೆಯಲ್ಲಿ ಇಂದಿಗೂ ಇರುವುದಕ್ಕೆ ಯಾವ ಪತ್ರಿಕೆಗಿಂತಲೂ ಆ ಪುಸ್ತಕಗಳೇ ಹೆಚ್ಚು ಕಾರಣ.

2022ರ ನವೆಂಬರಿನಲ್ಲಿ ಜತ್ತದ ಹಳ್ಳಿಗಳು ಮತ್ತೆ ಎರಡೂ ಭಾಷೆಯ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದವು. ನೀರು ಕೊಡದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆಂದು ಅಲ್ಲಿಯ ಪಂಚಾಯತಿಗಳು ಹಿಂದೆ ಮಾಡಿದ್ದ ಠರಾವನ್ನು ಕರ್ನಾಟಕದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಎತ್ತಿ ಆಡಿದ್ದರು. ವಿಜಾಪುರದಿಂದ ಬಂದ ಕನ್ನಡ ಪತ್ರಿಕೆಯಲ್ಲಿ ಅದು ಕನ್ನಡಿಗರ ಕೂಗು. ಸಾಂಗ್ಲಿಯಲ್ಲಿ ಮಾರಾಟವಾದ ಮರಾಠಿ ಪತ್ರಿಕೆಯಲ್ಲಿ ಅದು ಮಹಾರಾಷ್ಟ್ರದ ನೆಲದ ಪ್ರಶ್ನೆ. ಠರಾವು ಮಾಡಿದ ಹಳ್ಳಿಗರು ಕೇಳಿದ್ದು ಮುಖ್ಯವಾಗಿ ಏತ ನೀರಾವರಿಯ ನೀರು. ಆ ಚಳಿಗಾಲದಲ್ಲಿ ಮಹಾರಾಷ್ಟ್ರ ಸರಕಾರ ಜತ್ತಕ್ಕೆ ಮ್ಹೈಸಾಳ ಏತ ನೀರಾವರಿ ಯೋಜನೆಯ ವಿಸ್ತರಣೆಯನ್ನು ಮುಂದೂಡದೆ ಮಾಡುವುದಾಗಿ ಹೇಳಿತು.